ಕೆಂಪಿಯ ಬಾಯಿಕುಕ್ಕೆ

ಮನೆಯಿಂದ,
ಗುರುವಾರ, ಹನ್ನೊಂದನೇ ತಾರೀಖು

ಪ್ರೀತಿಯ ಮಗಳೇ,

ನೀನು, ಅಳಿಯಂದಿರು, ಚಿಕ್ಕವಳು ಎಲ್ಲರೂ ಹೇಗಿದ್ದೀರಿ? ನಿನ್ನ ತಲೆಸುತ್ತು ಕಡಿಮೆಯಾಯಿತೇ? ನನ್ನ ಮಂಡಿ ಅದರ ಪಾಡಿಗೆ ಅದು ನೋಯುತ್ತದೆ, ನಾನು ನನ್ನ ಪಾಡಿಗೆ ಓಡಾಡುತ್ತೇನೆ. ನಿಮ್ಮಪ್ಪ ಗಟ್ಟಿಯಾಗಿದ್ದಾರೆ, ದೇವರ ದಯ. "ಅಮ್ಮಾ, ಚಿಕ್ಕವಳು ಶಾಲೆಯ ಸೀಮೆಸುಣ್ಣ ಕದ್ದು ತಿನ್ನುತ್ತಾಳೆ. ನೀನು ನನಗೆ ಮಾಡಿದ ಹಾಗೇ ಬೆರಳಿಗೆ ಕಹಿಸೊಪ್ಪಿನ ರಸ ಹಚ್ಚಿ ಬಟ್ಟೆ ಸುತ್ತಿದ್ದೇನೆ. ಆದರೂ ಬಿಡಳು, ಇನ್ನೇನು ಮಾಡಲಿ?" ಎಂದು ಬರೆದಿದ್ದೀಯ. ಹೇಳುತ್ತೇನೆ. ಮೊದಲು ನಮ್ಮ ಹಸು ಕೆಂಪಿಯ ಸಮಾಚಾರ ಕೇಳು.

ಎರಡನೇ ಕರು ಹಾಕಿದ ಮೇಲೆ ಅವಳು ಕೊಟ್ಟಿಗೆಯ ಗೋಡೆ ನೆಕ್ಕಲು ಶುರುಮಾಡಿದಳು. ಸುಣ್ಣ ಹೋಯಿತು, ಮಣ್ಣು ಹೋಯಿತು, ಬೊಗಸೆಯಷ್ಟು ಗುಳಿ ಬಿತ್ತು. ಒಂದು ದಿನ ಒಗೆದು ಹಾಕಿದ್ದ ನಿಮ್ಮಪ್ಪನ ಅಂಗಿಯನ್ನು ಅರ್ಧ ನುಂಗಿದಳು. ಉಳಿದರ್ಧ ಹಿಡಿದುಕೊಂಡು ಅವರು, "ನೋಡೇ, ನಿನ್ನ ಮುದ್ದಿನ ಮಗಳು ನನ್ನ ಮೈಮೇಲಿನದ್ದನ್ನೂ ಬಿಡಲ್ಲ" ಅಂತ ಅಂಗಳವೆಲ್ಲ ಸುತ್ತಿದರು. ಹೊಟ್ಟೆತುಂಬ ಮೇವಿದೆ, ತೊಟ್ಟಿತುಂಬ ನೀರಿದೆ, ಇದು ಬರೀ ಕೊಬ್ಬು ಎಂದುಕೊಂಡೆ ನಾನು. ಹಗ್ಗದಲ್ಲಿ ಬಾಯಿಕುಕ್ಕೆ ಹೆಣೆದು ಮೂತಿಗೆ ಕಟ್ಟಿದೆ. ಇದಕ್ಕೆ ಒಳ್ಳೆ ಬುದ್ಧಿ ಕೊಡಪ್ಪಾ ಅಂತ ದೇವರ ಮುಂದೆ ದೀಪ ಹಚ್ಚಿ ಬೇಡಿಕೊಂಡೆ. ಹಾಲು ಇಳಿಯಿತೇ ಹೊರತು ಬುದ್ಧಿ ಬರಲಿಲ್ಲ.

ಕೊನೆಗೆ ದನದ ಡಾಕ್ಟರು ಬಂದರು. ಹಸುವನ್ನು ಮುಟ್ಟುವ ಮೊದಲು ಗೋಡೆಯ ಗುಳಿಗೆ ಕೈ ಹಾಕಿ ನೋಡಿದರು. "ಯಾರಮ್ಮ ಈ ಕುಕ್ಕೆ ಕಟ್ಟಿದ್ದು? ಇದು ಚಟ ಅಲ್ಲ, ಕೊರತೆ. ನಿಮ್ಮ ಮಣ್ಣಲ್ಲೇ ರಂಜಕ ಅನ್ನೋ ಖನಿಜ ಕಮ್ಮಿ. ಮಣ್ಣಲ್ಲಿಲ್ಲದ್ದು ಹುಲ್ಲಿಗೆಲ್ಲಿಂದ ಬರಬೇಕು? ಹಾಲು ಕೊಟ್ಟು ಕೊಟ್ಟು ಅದರ ಮೂಳೆ ಸವೀತಿದೆ. ಪಾಪ, ಕೇಳೋಕೆ ಮಾತಿಲ್ಲ, ಗೋಡೆ ನೆಕ್ಕಿ ತೋರಿಸ್ತಿದೆ" ಅಂದರು. ಖನಿಜದ ಪುಡಿ ಬರೆದುಕೊಟ್ಟರು. ದಿನಾ ಹಿಂಡಿಯಲ್ಲಿ ಕಲಸಿ ಕೊಡುತ್ತೇನೆ. ತಿಂಗಳಾಯಿತು. ಈಗ ಗೋಡೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಆ ಕುಕ್ಕೆ ಬಿಚ್ಚುವಾಗ ನನಗೆ ನೀನು ಕಂಡೆ. ಏಳು ವರ್ಷದವಳು, ಕದದ ಹಿಂದೆ ಕೂತು ಬಳಪ ಕಡಿಯುತ್ತಿದ್ದೆ. ಬಟ್ಟೆ ಸುತ್ತಿದ ಬೆರಳಲ್ಲಿ ಬರೆಯಲಾಗದೆ ಮೇಷ್ಟ್ರ ಹತ್ತಿರ ಬೈಸಿಕೊಂಡು ಬಂದೆ. ನಿನ್ನ ಬಿಳಚಿಕೊಂಡ ಮುಖ ನೋಡಿ ಬಂದವರು ಎಷ್ಟು ಬೆಳ್ಳಗಿದ್ದಾಳೆ ಎಂದರೆ ನಾನು ಹಿಗ್ಗುತ್ತಿದ್ದೆ. ಆ ತಪ್ಪು ನನ್ನದು ಮಗಳೇ. ದೇವರು ಹಸುವಿನಿಂದ ನನಗೆ ಪಾಠ ಹೇಳಿಸಬೇಕಾಯಿತು.

ನಿನ್ನ ಕಾಗದ ಬಂದ ಮೇಲೆ, ಈ ಪುಡಿಯನ್ನೇ ಮೊಮ್ಮಗಳಿಗೂ ಒಂದು ಚಿಟಿಕೆ ಕಳಿಸಲಾ ಎಂದು ಅದೇ ಡಾಕ್ಟರನ್ನು ಕೇಳಿದೆ. "ಅಯ್ಯೋ ತಾಯಿ, ದನದ್ದು ದನಕ್ಕೆ! ಮಗೂಗೆ ಕಬ್ಬಿಣದ ಅಂಶ ಕಮ್ಮಿ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ" ಎಂದು ಗದರಿದರು.

ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ. ಚಿಕ್ಕವಳ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ

ಬರೆಯಲು ಮರೆತೆ: ಕಾಗದ ಮಡಿಸಿಡುವ ಮೊದಲು ಚಿಕ್ಕವಳ ಬೆರಳಿನ ಬಟ್ಟೆ ಬಿಚ್ಚು. ನಾಳೆಯೇ ಆಸ್ಪತ್ರೆಗೆ ಹೋಗಿ. ಅವಳ ರಕ್ತ ತೆಗೆದಾದ ಮೇಲೆ ನೀನೂ ಕೈ ಚಾಚು. ಅಡುಗೆಮನೆಯಲ್ಲಿ ಈಗಲೂ ಹಸಿ ಅಕ್ಕಿ ಮುಕ್ಕುತ್ತಿರುತ್ತೀಯ ಅಂತ ಅಳಿಯಂದಿರು ಹೋದ ಸಲ ನಗುತ್ತಾ ಹೇಳಿದರು. ಆಗ ನಾನೂ ನಕ್ಕಿದ್ದೆ.