ಮೂರನೇ ನಂಬರು

ಮನೆ, ಮಹಡಿ ಕೋಣೆ
ಹದಿನಾಲ್ಕನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಂಡ,

ಹೇಗಿದ್ದೀಯ? ಲಿಫ್ಟ್ ರಿಪೇರಿಗೆಂದು ಬಗ್ಗಿ ಬಗ್ಗಿ ಹಿಡಿದುಕೊಂಡಿದ್ದ ಬೆನ್ನು ಸರಿಹೋಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ನಿಂತಲ್ಲೇ ಬನ್ನು ತಿಂದು ಮುಗಿಸುತ್ತೀಯೋ? ನಾನು ಗಟ್ಟಿಯಾಗಿದ್ದೇನೆ. ಅಪ್ಪನ ಬಲಗೈ ನಡುಕ ಮಾತ್ರ ಕಡಿಮೆಯಾಗಿಲ್ಲ. ಬಾಯಿಗೇನೂ ಆಗಿಲ್ಲ, ಎಂದಿನಂತೆ ಜೋರಾಗಿಯೇ ಇದೆ.

ಸುದ್ದಿ ಶುರುವಾಗಿದ್ದೇ ಆ ಕೈಯಿಂದ. ಮೇಜಿನ ಮೇಲಿನ ಪುಟ್ಟ ರೈಲುಗಳನ್ನು (ಆಟದ ರೈಲು ಎಂದರೆ ಅಪ್ಪನಿಗೆ ಈಗಲೂ ಸಿಟ್ಟು) ಕರೆಂಟ್ ಕೊಡುವ ಹಳೇ ಡಬ್ಬಿಯ ನಾಬು ತಿರುಗಿಸಿ ಓಡಿಸಲು ಅವರಿಗೆ ಆಗುತ್ತಿಲ್ಲ. ಕೈ ನಡುಗಿದರೆ ಇಂಜಿನ್ ಜಿಗಿದು ಹಳಿ ತಪ್ಪುತ್ತದೆ. ಡಿಜಿಟಲ್ ಹಾಕಿಸೋಣ ಎಂದೆ. ಅದರಲ್ಲಿ ಬಟನ್ ಒತ್ತಿದರೆ ಸಾಕು. ಇಂಜಿನ್ನಿಗೊಂದು ಚಿಪ್, ಚಿಪ್ಪಿಗೊಂದು ನಂಬರು. ತನ್ನ ನಂಬರು ಕರೆದರೆ ಮಾತ್ರ ಇಂಜಿನ್ ಹೊರಡುತ್ತದೆ. ಒಂದೇ ಹಳಿಯ ಮೇಲೆ ಇಬ್ಬರು ಎರಡು ರೈಲು ಓಡಿಸಬಹುದು. ಇದನ್ನು ಹೇಳುವಾಗ ನಿನ್ನ ನೆನಪಾಯಿತು. "ಒಂದು ಹಳಿಗೆ ಒಂದೇ ಕೈ" ಎಂದು ಅಪ್ಪ ನಿನಗೆ ಯಾವತ್ತೂ ನಾಬು ಮುಟ್ಟಗೊಡಲಿಲ್ಲ. ಮೊದಲ ಸಂಬಳದಲ್ಲಿ ನೀನು ತಂದ ನೀಲಿ ಇಂಜಿನ್ನನ್ನೂ ತಾವೇ ಓಡಿಸಿದರು. ನೀನು ಅದನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋಗಿ ಎಂಟು ವರ್ಷವಾಯಿತು. ಈಗಲೂ ಫೋನಿನಲ್ಲಿ ಅಪ್ಪನ ಹೆಸರೆತ್ತಿದರೆ ಸಾಕು, ಲಿಫ್ಟ್ ಬಂತು ಎಂದು ಇಟ್ಟುಬಿಡುತ್ತೀಯ. ನನಗೆ ಬೇಜಾರಾಗುತ್ತದೆ ಕಣೋ.

ಅಪ್ಪನೂ ನಾನೂ ಕೊಳ್ಳಲು ಹೋದಾಗ ಅಂಗಡಿಯವನು ಐದು ಆಂಪಿಯರಿನ ದೊಡ್ಡ ಸೆಟ್ಟು ತೋರಿಸಿದ. ಹನ್ನೆರಡು ವರ್ಷದಿಂದ ರೇಡಿಯೋ ರಿಪೇರಿ ಮಾಡುವವಳ ಕಿವಿಗೆ ಹೂವಿಡಲು ಬಂದ. ನಾನು ಮನೆಯಲ್ಲೇ ಮೀಟರಿಟ್ಟು ಅಳೆದುಕೊಂಡು ಹೋಗಿದ್ದೆ. ನಮ್ಮ ಎರಡು ಇಂಜಿನ್ ಸೇರಿದರೂ ಒಂದು ಆಂಪಿಯರ್ ಎಳೆಯುವುದಿಲ್ಲ. ಎರಡು ಆಂಪಿಯರಿನ ಚಿಕ್ಕ ಸೆಟ್ಟು ಧಾರಾಳವಾಯಿತು, ರೈಲು ಹೆಚ್ಚಾದರೆ ಆಮೇಲೆ ಕರೆಂಟ್ ಹೆಚ್ಚಿಸುವ ಬೂಸ್ಟರ್ ಸೇರಿಸಬಹುದು. ಒಂದೇ ರಿಮೋಟ್ ಸಾಕು, ಬೇಕಾದರೆ ಫೋನಿನಲ್ಲೂ ಓಡಿಸಬಹುದು ಎಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತ, ಸೋಪನ್ನೂ ಎರಡು ತುಂಡು ಮಾಡಿ ಬಳಸುವ ನಮ್ಮಪ್ಪ, ಎರಡು ರಿಮೋಟ್ ಬೇಕೇ ಬೇಕೆಂದು ಹಟ ಹಿಡಿದರು. ಯಾಕೆಂದು ಕೇಳುವಷ್ಟರಲ್ಲಿ ದುಡ್ಡು ತೆಗೆದು ಎಣಿಸತೊಡಗಿದರು. ಕೊಟ್ಟು ಬಂದೆವು.

ಚಿಪ್ ಬೆಸುಗೆ ಹಾಕಿದ್ದು ನಾನೇ. ಕಾರ್ಖಾನೆಯಿಂದ ಬರುವಾಗ ಎಲ್ಲ ಚಿಪ್ಪಿಗೂ ಮೂರು ಎಂಬ ಒಂದೇ ನಂಬರು ಇರುತ್ತದೆ, ಬದಲಾಯಿಸಿಕೊಳ್ಳಬೇಕು. ಜಾಣೆ ನಾನು, ಅದನ್ನೇ ಮರೆತೆ. ಮೂರು ಒತ್ತಿದ ಕೂಡಲೇ ಎರಡೂ ಒಟ್ಟಿಗೆ ಹೊರಟು, ಗೂಡ್ಸು ಹೋಗಿ ಪ್ಯಾಸೆಂಜರಿನ ಬೆನ್ನಿಗೆ ಗುದ್ದಿತು. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕಿದ್ದು ನೋಡಿ ವರ್ಷಗಳೇ ಆಗಿದ್ದವು. ಈಗ ಗೂಡ್ಸಿಗೆ ಏಳು, ಪ್ಯಾಸೆಂಜರಿಗೆ ಹನ್ನೆರಡು.

ಬೆನ್ನಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ
ಅಕ್ಕ

ಮತ್ತೆ ಅವಸರದಲ್ಲಿ: ಪೊಟ್ಟಣದಲ್ಲಿ ಮೂರು ಚಿಪ್ ಇದ್ದವು. ಒಂದು ತಪ್ಪಿ ಬಂದಿದೆ, ವಾಪಸ್ ಕೊಡೋಣ ಎಂದೆ. ಅಪ್ಪ ಅದನ್ನೆತ್ತಿ ತಮ್ಮ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. "ತಪ್ಪಿ ಬಂದಿಲ್ಲ, ನಾನೇ ತಗೊಂಡಿದ್ದು. ಮೂರನೇ ನಂಬರು ಯಾವುದಕ್ಕೂ ಕೊಡಬೇಡ, ಅದು ನೀಲಿ ಇಂಜಿನ್ನಿಂದು" ಎಂದರು. ನಿನಗೆ ಬರೆ ಎಂದು ಹೇಳಿಲ್ಲ, ಬರೆಯಬೇಡ ಎಂದೂ ಹೇಳಿಲ್ಲ. ಇಂಜಿನ್ನನ್ನು ಪಾರ್ಸೆಲ್ ಮಾಡಿಬಿಡಬೇಡ. ಜೇಬಿನಲ್ಲಿ ಹೋದದ್ದು ಜೇಬಿನಲ್ಲೇ ಬರಲಿ.