ಬೆನ್ನು ಮಾಡಿ ನಿಲ್ಲುವವರ ಗಾಲಿಪಾಠ

ದಾವಣಗೆರೆ
30ನೇ ಫೆಬ್ರವರಿ, 2193

ನೀಲಾಂಬಿಕೆ ಅಜ್ಜಿಯವರಿಗೆ ಸೋಮನಾಥನ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ನೀವು ಇದನ್ನು ಓದುವಾಗ ನಿಮಗಿನ್ನೂ ಮೂವತ್ತಾರು, ನನಗೆ ನಲವತ್ತೊಂದು. ಆದರೂ ನಿಮ್ಮಿಂದ ಆರನೇ ತಲೆಮಾರಿನವನಾದ ನಾನು ಅಜ್ಜಿ ಎನ್ನದೆ ಇನ್ನೇನು ಅನ್ನಲಿ? ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಹಿಂದಿನ ಕಾಲಕ್ಕೆ ಒಯ್ಯುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ, ಅದೂ ಒಂದೇ ಹಾಳೆ. ನನ್ನದನ್ನು ನಿಮಗೆಂದೇ ಉಳಿಸಿಕೊಂಡಿದ್ದೆ.

ಈಗ ನಮ್ಮೂರಿನ ರಸ್ತೆಗಳ ಮೇಲೆಲ್ಲ ಬಿಸಿಲಿನಿಂದ ಕರೆಂಟು ಮಾಡುವ ಚಪ್ಪರವಿದೆ. ಅವನ್ನು ನೆರಳುಬೀದಿ ಎನ್ನುತ್ತೇವೆ. ತಾನೋಟಿ, ಅಂದರೆ ಚಾಲಕನಿಲ್ಲದೆ ತಾನೇ ಓಡುವ ಬಂಡಿ, ಯಾರಿಗೂ ಗುದ್ದುವುದಿಲ್ಲ. ಹಾಗಂತ ಸೈಕಲ್ ಸವಾರಿ ಸಲೀಸಲ್ಲ. ಎಮ್ಮೆಗಳು, ನಾಯಿಗಳು, ಬೆಣ್ಣೆ ದೋಸೆ ಆರಿಹೋಗುತ್ತದೆಂದು ಅಡ್ಡ ನುಗ್ಗುವ ಮಾವಂದಿರು ನಿಮ್ಮ ಕಾಲದಲ್ಲಿದ್ದಂತೆಯೇ ಇದ್ದಾರೆ. ಆದ್ದರಿಂದ ಒಂಬತ್ತು ತುಂಬಿದ ಪ್ರತಿ ಮಗುವೂ ಗಾಲಿಪಾಠಕ್ಕೆ ಹೋಗಲೇಬೇಕು. ಬ್ರೇಕ್ ಹಿಡಿದು ನೋಡುವುದು, ಕೈ ತೋರಿಸಿ ತಿರುಗುವುದು, ಹೆಗಲ ಮೇಲಿಂದ ಹಿಂದೆ ನೋಡಿ ಯಾರು ಬರುತ್ತಿದ್ದಾರೆಂದು ಗಟ್ಟಿಯಾಗಿ ಹೇಳುವುದು, ಇಷ್ಟೂ ಕಲಿಯಬೇಕು. ಕೊನೆಯ ದಿನ ಮಗು ಸರ್ಕಲ್ಲಿನಲ್ಲಿ ಒಂಟಿಯಾಗಿ ಬಲಕ್ಕೆ ತಿರುಗುತ್ತದೆ. ಆಗ ಅಪ್ಪನೋ ಅಮ್ಮನೋ ರಸ್ತೆಗೆ ಬೆನ್ನು ಮಾಡಿ, ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಇದಕ್ಕೆ ಬೆನ್ನುನಿಲುವು ಎಂದು ಹೆಸರು. ಕೂಗಿದರೆ ಮಗು ಇನ್ನೊಂದು ವರ್ಷ ಕಾಯಬೇಕು. ಇದೆಲ್ಲ ನಿಮ್ಮಿಂದಲೇ ಬಂದದ್ದು.

ನಿಮ್ಮ ನೀಲಿ ರಟ್ಟಿನ ನೋಟ್‌ಬುಕ್ ನನ್ನ ಬಳಿ ಇದೆ. ಮಗಳು ಚಿನ್ಮಯಿಗೆ ಸೈಕಲ್ ಕೊಡಿಸಿದ ಮೇಲೆ, ಅವಳಿಗೆ ರಸ್ತೆಯಲ್ಲಿ ಹುಷಾರಾಗಿ ಓಡಿಸುವುದನ್ನು ಕಲಿಸುವವರಿಗಾಗಿ ನೀವು ಊರೆಲ್ಲ ಅಲೆದದ್ದು ಅದರಲ್ಲಿದೆ. ಈಜಿಗೆ, ಸ್ಕೇಟಿಂಗಿಗೆ, ಅಬಾಕಸ್ಸಿಗೆ ಕ್ಲಾಸಿತ್ತು, ಇದಕ್ಕಿರಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ, “ಅದಕ್ಯಾಕ್ರೀ ಕ್ಲಾಸು? ಬಿದ್ದು ಎದ್ದು ತಾವೇ ಕಲೀತಾವೆ ಬಿಡ್ರಿ” ಎಂದರು. ಕೊನೆಗೆ ಪಂಕ್ಚರ್ ಅಂಗಡಿಯ ದಸ್ತಗೀರ್ ಸಾಬರು, “ಕ್ಲಾಸು ಗೀಸು ನಂಗೊತ್ತಿಲ್ಲಕ್ಕ. ಭಾನುವಾರ ಬೆಳಿಗ್ಗೆ ಮಗೀನ ಕರ್ಕಂಬರ್ರಿ, ತಿಳಿದಷ್ಟು ಹೇಳಿಕೊಡ್ತೀನಿ” ಎಂದರು. ನೀವು ಚಿನ್ಮಯಿಯ ಜೊತೆ ಓಣಿಯ ಇನ್ನೂ ಹತ್ತು ಮಕ್ಕಳನ್ನು ಹೊರಡಿಸಿದಿರಿ. ಎಲ್ಲೆಲ್ಲೂ ಇಲ್ಲ ಎನ್ನಿಸಿಕೊಂಡ ಮೇಲೂ ಹಾಗೆ ಹೊರಟಿರಲ್ಲ, ನನಗೆ ನಿಮ್ಮ ಮೇಲೆ ಅಭಿಮಾನ ಉಕ್ಕುವುದು ಅದಕ್ಕೇ.

ನಾಲ್ಕನೇ ಭಾನುವಾರದ ಪುಟ ಮಾತ್ರ ಓದುವುದು ಕಷ್ಟ. ಚಿನ್ಮಯಿ ಸರಿಯಾಗಿಯೇ ಕೈ ತೋರಿಸಿ ತಿರುಗುತ್ತಿದ್ದಳು. ನೀವು ರಸ್ತೆ ಬದಿಯಿಂದ “ಚಿನ್ನೂ, ಹುಷಾರು, ಮುಂದೆ ನೋಡು” ಎಂದು ಕೂಗಿದಿರಿ. ಅವಳು ನಿಮ್ಮತ್ತ ನೋಡಿದಳು. ಗಾಲಿ ಚರಂಡಿಯ ಕಲ್ಲಿಗೆ ಬಡಿಯಿತು, ಮಣಿಕಟ್ಟು ಮುರಿಯಿತು. “ಕಲಿಸೋರನ್ನ ಹುಡುಕಿದೆ, ನನ್ನ ಬಾಯಿ ಕಟ್ಟೋರನ್ನ ಹುಡುಕಲಿಲ್ಲ” ಎಂದು ಬರೆದು, ಸೈಕಲ್ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಕೆಳಗೆ ಸೇರಿಸಿದ್ದೀರಿ. ಈ ಕಾಗದ ಆ ಮಧ್ಯಾಹ್ನವೇ ನಿಮ್ಮ ಕೈ ಸೇರಲಿ. ನೀವು ಕೊಡುವುದಿಲ್ಲ ಅಜ್ಜಿ. ಮುಂದಿನ ಭಾನುವಾರದ ಹಾಜರಿಯಲ್ಲಿ ಹನ್ನೊಂದೂ ಹೆಸರುಗಳಿವೆ. ಚಿನ್ಮಯಿ ಪ್ಲಾಸ್ಟರ್ ಹಾಕಿದ ಕೈಯಲ್ಲೇ ಸ್ಟೂಲಿನ ಮೇಲೆ ಕೂತು ಉಳಿದವರ ತಪ್ಪು ಹಿಡಿದಳು, ನೀವು ಅಂಗಡಿಯ ಗೋಡೆಗೆ ಮುಖ ಮಾಡಿ ನಿಂತಿರಿ ಎಂದಿದೆ. ಎಂಥ ಹೆಂಗಸು ನೀವು ಎಂದು ಆ ಪುಟ ತೆರೆದಾಗಲೆಲ್ಲ ಅನ್ನಿಸುತ್ತದೆ.

ಇವತ್ತು ನಾಲ್ಕು ಗಂಟೆಗೆ ನನ್ನ ಮಗಳು ಮುಗುಳಿಯ ಸರದಿ. ಹುಟ್ಟಿದಾಗಿನಿಂದ ಅವಳ ಮೇಲಿನ ಕಣ್ಣು ತೆಗೆದವನಲ್ಲ ನಾನು. ಕೂಗಿಬಿಟ್ಟೇನೆಂದು ಬೆಳಗಿನಿಂದ ಭಯ. ಇಲ್ಲಿ ಎಲ್ಲರೂ ಬೆನ್ನುನಿಲುವಿಗೆ ನಗುನಗುತ್ತ ಬಂದು ನಿಲ್ಲುತ್ತಾರೆ, ಭಯವೆಂದು ಒಬ್ಬರೂ ಬಾಯಿ ಬಿಡುವುದಿಲ್ಲ. ಗೋಡೆಗೆ ಮುಖ ಮಾಡಿ ನಿಂತಾಗ ನಿಮಗೇನನ್ನಿಸಿತೆಂದು ನೀವೂ ಬರೆದಿಲ್ಲ. ಆ ಭಾನುವಾರದ ಪುಟದ ಕೆಳಗೆ ಅರ್ಧ ಜಾಗ ಖಾಲಿ ಇದೆ. ಗೋಡೆಗೆ ಮುಖ ಮಾಡಿ ನಿಂತು ಬಂದ ಮೇಲೆ ಅಲ್ಲಿ ಒಂದು ಸಾಲು ಬರೆದಿಡಿ. ಕಾಲು ನಡುಗಿದ್ದರೆ ನಡುಗಿತು ಎಂದೇ ಬರೆಯಿರಿ, ನನಗೆ ಅಷ್ಟೇ ಸಾಕು. ನೀವು ಬರೆದರೆ ಈ ಕಾಗದ ಅಂಚೆಗೆ ಹಾಕಿದ ಕೂಡಲೇ ಅದು ನನ್ನ ಬಳಿಯ ನೋಟ್‌ಬುಕ್ಕಿನಲ್ಲಿ ಇರುತ್ತದೆ. ತೆರೆದು ನೋಡಿಯೇ ಸರ್ಕಲ್ಲಿಗೆ ಹೊರಡುತ್ತೇನೆ.