ಹಿತ್ತಲ ಕೋಣೆಗೆ ಬಂದ ಬುತ್ತಿ

ಯರಗಟ್ಟಿ
೮ ಫೆಬ್ರುವರಿ ೧೯೯೯

ಸೌಭಾಗ್ಯವತಿ ಚನ್ನವ್ವಳಿಗೆ,

‘ಇತ್ತ ಕ್ಷೇಮ’ ಎಂದು ಬರೆಯುವ ವಾಡಿಕೆ ನಮ್ಮಿಬ್ಬರ ನಡುವೆ ನಿಂತು ಎರಡು ವರ್ಷಗಳಾದವು. ಮಗಳು ಗಂಗಾ ತೀರಿಕೊಂಡ ಮೇಲೆ ನೀನು ರಾಮದುರ್ಗದ ಅಣ್ಣನ ಮನೆ ಸೇರಿದೆ. ನಾನು ಬೈಲಹೊಂಗಲದ ಮನೆಯನ್ನು ಬಾಡಿಗೆಗೆ ಕೊಟ್ಟು ಇಲ್ಲಿಗೆ ಬಂದೆ. ಇವತ್ತು ಆ ಮಾತನ್ನು ಮತ್ತೆ ಬರೆಯುತ್ತಿದ್ದೇನೆ: ಇತ್ತ ಕ್ಷೇಮ. ಅದು ಹೇಗಾಯಿತೆಂಬುದನ್ನು ಕ್ರಮವಾಗಿ ಹೇಳಬೇಕು.

ಟೆಂಪೊ ಓಡಿಸುವ ಬಾಬಾಜಾನನಿಗೆ ಮನೆ ಕೊಡುವಾಗ ನಾನು ಹಾಕಿದ ಷರತ್ತು ನಿನಗೆ ಗೊತ್ತಿದೆ. ಗಂಗಾಳ ಹಿತ್ತಲ ಕೋಣೆ ಮುಚ್ಚಿಯೇ ಇರಬೇಕು. ನನ್ನ ಒಪ್ಪಿಗೆಯಿಲ್ಲದೆ ಮನೆಯ ಯಾವ ಭಾಗವನ್ನೂ ಮತ್ತೊಬ್ಬರಿಗೆ ಕೊಡಕೂಡದು. ಹೋದ ವಾರ ಇಲ್ಲಿಯ ಪೇಟೆಯಲ್ಲಿ ಬೈಲಹೊಂಗಲದ ನಮ್ಮ ಓಣಿಯ ಮುದಕಪ್ಪ ಸಿಕ್ಕು, “ನಿಮ್ಮ ಬಾಡಿಗಿದಾರಗೂ ಒಬ್ಬ ಬಾಡಿಗಿದಾರ ಆಗ್ಯಾನ ಬಿಡ್ರಿ,” ಎಂದು ನಕ್ಕ. ಕೊಟ್ಟಿದ್ದು ಅದೇ ಕೋಣೆ.

ವಕೀಲರನ್ನು ಕಂಡೆ. ಮೊದಲು ಕಣ್ಣಾರೆ ನೋಡಿ, ಇಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಿ, ಆಮೇಲೆ ಒಪ್ಪುವುದಾದರೂ ಬಿಡಿಸುವುದಾದರೂ ಬರವಣಿಗೆಯಲ್ಲೇ ಮಾಡಿ, ಗೊತ್ತಿದ್ದೂ ಸುಮ್ಮನಿದ್ದರೆ ಅದೂ ಒಪ್ಪಿಗೆಯೆನಿಸುತ್ತದೆ ಎಂದರು. ನೋಟೀಸು ಬರೆದುಕೊಟ್ಟರು. ಕಾಲೇಜಿನ ಚರ್ಚಾಕೂಟಗಳಲ್ಲಿ ರೂಢಿಯಾದಂತೆ ಎದುರು ಪಕ್ಷದ ವಾದವನ್ನೂ ಬಸ್ಸಿನಲ್ಲೇ ಸಿದ್ಧಪಡಿಸಿಕೊಂಡೆ. ಖಂಡಿಸಲಾಗದ್ದು ಒಂದೂ ಕಾಣಲಿಲ್ಲ. ತಪ್ಪಿತಸ್ಥರ ಮನೆಯಲ್ಲಿ ಉಣ್ಣಬಾರದೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನೋಟೀಸಿನ ಚೀಲದಲ್ಲೇ ಇಟ್ಟುಕೊಂಡಿದ್ದೆ.

ಬೈಲಹೊಂಗಲದ ಮನೆ ಹೊಕ್ಕರೆ ಪಡಸಾಲೆಯ ತುಂಬ ಹೆಂಗಸರು. ನಡುವೆ ಹಸಿರು ಸೀರೆ, ಹಸಿರು ಬಳೆ ತೊಟ್ಟ ಬಸುರಿ ಹುಡುಗಿ. ಕುಬಸದ ಕಾರ್ಯ ನಡೆದಿತ್ತು. ಒಬ್ಬ ಮುದುಕಿ ಎದ್ದು ಬಂದಳು. ಹುಡುಗಿಯ ಗಂಡನ ಸೋದರತ್ತೆ, ಹೂಲಿಯ ಬೀರವ್ವ ಎಂದು ಆಮೇಲೆ ತಿಳಿಯಿತು. ನನ್ನ ಧೋತರ ರುಮಾಲು ನೋಡಿದಳು, ಕೈಯಲ್ಲಿದ್ದ ಚೀಲ ನೋಡಿದಳು.

“ಬರ್ರಿ ಬೀಗರ, ಇಷ್ಟ ತಡಾ ಮಾಡಿದ್ರ ಹೆಂಗ? ಹುಡುಗಿ ಮುಂಜಾನಿಂದ ಬಾಗಲಾ ನೋಡಾಕ ಹತ್ಯಾಳ.”

ನಾನು ಬಾಯಿ ತೆರೆಯುವುದರೊಳಗೆ ಚೀಲ ಅವಳ ಕೈಯಲ್ಲಿತ್ತು. ತವರಿನ ಬುತ್ತಿ ಬಂತೆಂದು ಎಲ್ಲರಿಗೂ ಸಾರಿದಳು. ನೋಟೀಸನ್ನು ಗೋಡೆಯ ಮಾಡದಲ್ಲಿಟ್ಟು ಗಂಟು ಬಿಚ್ಚಿದಳು. ಹೋಳಿಗೆಯಿಲ್ಲ, ಕರಿಗಡಬಿಲ್ಲ, ಒಣರೊಟ್ಟಿ. “ಗಂಡಸ ಕಟ್ಟಿದ ಬುತ್ತಿ ಕಾಣತೈತಿ. ಬೀಗತಿ ಊರಾಗ ಇಲ್ಲೇನು?”

ಹೆಂಗಸರು ನಕ್ಕರು. ಹುಡುಗಿ ನಗಲಿಲ್ಲ. ನಾನು ಅವಳ ತಂದೆಯಲ್ಲವೆಂಬುದು ಅವಳಿಗೆ ಗೊತ್ತು. ನಾನು ಯಾರೆಂಬುದು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟ ಬಾಬಾಜಾನನ ಹೆಂಡತಿ ರಹೀಮಬಿಗೆ ಗೊತ್ತು. ನಾನೊಂದು ಮಾತಾಡಿದ್ದರೆ ಆ ಹುಡುಗಿಗೆ ತವರಿಲ್ಲವೆಂಬುದು ಅಷ್ಟು ಜನರೆದುರು ಬಯಲಾಗುತ್ತಿತ್ತು.

“ರಾಮದುರ್ಗಕ್ಕ ಹೋಗ್ಯಾಳ,” ಎಂದೆ. “ಬರತಾಳ.”

ಹುಡುಗಿ ರೊಟ್ಟಿ ಮುರಿದು ತಿಂದಳು; ಎದ್ದು ನನ್ನ ಕಾಲು ಮುಟ್ಟಿದಳು. ನಾನು ಕೈಯನ್ನು ಅವಳ ತಲೆಯ ಮೇಲಿಟ್ಟೆ.

ಆಮೇಲೆ ವಿಚಾರಣೆ ಕ್ರಮದಂತೆ ನಡೆಯಿತು. ಹುಡುಗಿ ಮೀನಾ, ಸಾಲಹಳ್ಳಿಯವಳು, ತಾಯಿಯಿಲ್ಲ. ಬಾಬಾಜಾನನ ಜೊತೆ ಟೆಂಪೊ ಓಡಿಸುವ ಸುಭಾಸನನ್ನು ಒಪ್ಪಿ ಮದುವೆಯಾದಳೆಂದು ತಂದೆ ಬಾಗಿಲು ಹಾಕಿಕೊಂಡಿದ್ದಾನೆ; ಹೂಲಿಯವರಿಗೆ ಇದ್ಯಾವುದನ್ನೂ ತಿಳಿಸಿರಲಿಲ್ಲ. ಬಾಬಾಜಾನ ತಲೆ ತಗ್ಗಿಸಿ ನಿಂತ. “ತಪ್ಪು ನಂದ ಐತ್ರಿ ಸಾವಕಾರ್ರ. ನಮ್ಮನ್ನ ಬೇಕಾದ್ರ ನಾಳೆ ಬಿಡಸ್ರಿ. ಆಕಿ ಹಡೆಯೂ ತನಕಾ ಆ ಕ್ವಾಣಿ ಒಂದ ಇರ್ಲಿ.” ಮೊದಲೇ ಏಕೆ ಕೇಳಲಿಲ್ಲವೆಂದೆ. “ಕೇಳಿದ್ರ ನೀವು ಒಲ್ಲೆ ಅಂತಿದ್ರಿ,” ಎಂದ. ಬಸ್ಸಿನಲ್ಲಿ ನಾನು ಸಿದ್ಧಪಡಿಸಿದ್ದ ಎದುರು ಪಕ್ಷದಲ್ಲಿ ಈ ವಾದವಿರಲಿಲ್ಲ.

ಕೋಣೆಗೆ ಹೋದೆ. ಕಿಟಕಿ ತೆರೆದಿತ್ತು. ಗಂಗಾಳ ಬಟ್ಟೆಗಳನ್ನು ರಹೀಮಬಿ ಬೇವಿನೆಲೆ ಹಾಕಿ ಟ್ರಂಕಿನಲ್ಲಿ ಮಡಿಸಿಟ್ಟಿದ್ದಾಳೆ. ಒಂದಕ್ಕೂ ನುಸಿ ಹತ್ತಿಲ್ಲ. ಮುಚ್ಚಿದ ಬಾಗಿಲಿನಿಂದ ನಾನು ಕಾಯಲಾಗದ್ದನ್ನು ಆಕೆ ಕಾಯ್ದಿದ್ದಾಳೆ. ಅವಳ ಋಣ ನನ್ನ ಮೇಲಿದೆ.

ಆದರೂ ನಿಯಮ ನಿಯಮವೇ. ನಿನ್ನೆ ಹೊಸ ಕರಾರು ಮಾಡಿಸಿದೆ: ಹಿತ್ತಲ ಕೋಣೆ ಇನ್ನು ನೇರವಾಗಿ ಸುಭಾಸನ ಹೆಸರಿಗೆ, ಉಳಿದ ಮನೆ ಬಾಬಾಜಾನನಿಗೆ. ಮುಂದೆ ಯಾರನ್ನು ಕರೆತಂದರೂ ಮೊದಲು ನನ್ನನ್ನು ಕೇಳತಕ್ಕದ್ದೆಂದು ಇಬ್ಬರಿಗೂ ಗದರಿದ್ದೇನೆ.

ಇನ್ನು ಒಂದು ವಿಷಯ. ಮೊದಲ ಹೆರಿಗೆ ತವರಿನದು. ಬುತ್ತಿ ಒಪ್ಪಿಸಿದವನು ಹಿಂದೆ ಸರಿಯುವಂತಿಲ್ಲ. ಇಲ್ಲಿ ಯರಗಟ್ಟಿಯಲ್ಲಿ ಎರಡು ಕೋಣೆಗಳಿವೆ. ಬಾಣಂತನ ಮಾತ್ರ ನನಗೆ ಬಾರದು. ಬೀರವ್ವನಿಗೆ ನಾನು ಹೇಳಿದ ಮಾತು ಸುಳ್ಳಾಗಬಾರದು.

ಇಂತು,
ವೀರಪ್ಪ

ತಾ.ಕ.: ಆ ಕೋಣೆಯ ಬೀಗವನ್ನು ಯಾರೂ ಮುರಿದಿಲ್ಲ. ಅದಕ್ಕೆ ಇದ್ದದ್ದು ಎರಡೇ ಕೀಲಿಕೈ. ಒಂದು ನನ್ನ ಜೇಬಿನಲ್ಲಿದೆ. ಇನ್ನೊಂದು ರಹೀಮಬಿಯ ಸೆರಗಿನ ತುದಿಯಲ್ಲಿತ್ತು. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ, ನಿನ್ನನ್ನೂ ಕೇಳುವುದಿಲ್ಲ. ನಿನ್ನ ಉಪಕಾರ ದೊಡ್ಡದು. ಉತ್ತರ ಬರೆಯದಿದ್ದರೂ ಸರಿ. ಸುಮ್ಮನಿದ್ದರೆ ಅದೂ ಒಪ್ಪಿಗೆಯೆಂದು ವಕೀಲರೇ ಹೇಳಿದ್ದಾರೆ. ಮುಂದಿನ ಸೋಮವಾರ ರಾಮದುರ್ಗದಿಂದ ಬರುವ ಬಸ್ಸಿಗೆ ಇಲ್ಲಿಯ ಸ್ಟ್ಯಾಂಡಿನಲ್ಲಿ ಕಾದು ನಿಂತಿರುತ್ತೇನೆ.